ಹೆಸರು ಬದಲಿಸಿದರೆ ಸಾಲದು: ಪಿಎಚ್‌ಪಿಯ ಹಳೆಯ ಹುಡುಕಾಟ ಫಂಕ್ಷನ್‌ಗಳು

ಪಠ್ಯದ ರಾಶಿಯಲ್ಲಿ ನಿಗದಿತ ಪದವೊಂದನ್ನಷ್ಟೇ ಅಲ್ಲದೆ, ಪಿನ್‌ಕೋಡ್ ಅಥವಾ ದಿನಾಂಕದಂತಹ ಮಾದರಿಯೊಂದಕ್ಕೆ ಹೊಂದುವ ಎಲ್ಲವನ್ನೂ ಹುಡುಕಲು ಕಂಪ್ಯೂಟರಿಗೆ ಕೊಡುವ ಸಂಕ್ಷಿಪ್ತ ಸೂತ್ರವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಗಣಿತಜ್ಞ ಸ್ಟೀಫನ್ ಕ್ಲೀನಿ 1950ರ ದಶಕದಲ್ಲಿ ರೂಪಿಸಿದ ಈ ಪರಿಕಲ್ಪನೆ ಮುಂದೆ ಯುನಿಕ್ಸ್ ಮೂಲಕ ಪ್ರೋಗ್ರಾಮರುಗಳ ಕೈಸೇರಿ, ಪೋಸಿಕ್ಸ್ ಮಾನಕದ್ದೊಂದು, ಪರ್ಲ್ ಭಾಷೆಯದೊಂದು ಎಂದು ಎರಡು ಕವಲಾಯಿತು. ಜಾಲತಾಣಗಳನ್ನು ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಬಹುಕಾಲ ಎರಡೂ ಇದ್ದವು: ಪೋಸಿಕ್ಸ್ ಬಗೆಗೆ ‘ಇರೆಗ್’ ಕುಟುಂಬದ ಫಂಕ್ಷನ್‌ಗಳು, ಪರ್ಲ್ ಬಗೆಗೆ ‘ಪ್ರೆಗ್’ ಕುಟುಂಬದವು.

2009ರಲ್ಲಿ ಬಂದ 5.3ನೆಯ ಆವೃತ್ತಿ ಇರೆಗ್ ಕುಟುಂಬವನ್ನು ‘ಡೆಪ್ರಿಕೇಟೆಡ್’, ಅಂದರೆ ಸದ್ಯಕ್ಕೆ ನಡೆದರೂ ಮುಂದೆ ಕೈಬಿಡಲಾಗುವಂಥದು, ಎಂದು ಸಾರಿತು; 2015ರ ಡಿಸೆಂಬರಿನಲ್ಲಿ ಬಂದ 7.0 ಅದನ್ನು ತೆಗೆದೇಹಾಕಿತು. ಪಠ್ಯದ ನಡುವೆ ಶೂನ್ಯ ಬೈಟ್ ಸಿಕ್ಕೊಡನೆ ಹಳೆಯ ಫಂಕ್ಷನ್ ಓದುವುದನ್ನು ನಿಲ್ಲಿಸುತ್ತಿದ್ದುದರಿಂದ, ಅದರ ಮುಂದೆ ಅಡಗಿಸಿದ ದುರುದ್ದೇಶದ ಪಠ್ಯ ಪರೀಕ್ಷೆಯಿಂದ ನುಣುಚಿಕೊಳ್ಳುತ್ತಿತ್ತು. ಈ ದೃಷ್ಟಿಯಿಂದ ತೆಗೆದದ್ದು ಸರಿಯೇ.

ಹಳೆಯ ಕೋಡನ್ನು ಹೊಸ ಆವೃತ್ತಿಗೆ ಒಗ್ಗಿಸುವವರು ಸಾಮಾನ್ಯವಾಗಿ ಹೆಸರು ಬದಲಿಸಿ, ಸೂತ್ರದ ಎರಡು ತುದಿಗೂ ಪ್ರೆಗ್ ಕೇಳುವ ಓರೆಗೆರೆಯಂತಹ ಗಡಿಚಿಹ್ನೆ ಹಾಕಿ, ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಬೇಡವಾದಲ್ಲಿ ಕೊನೆಗೆ ‘ಐ’ ಅಕ್ಷರ ಸೇರಿಸುತ್ತಾರೆ. ಹೆಸರು ಅಥವಾ ಗಡಿಚಿಹ್ನೆ ಮರೆತರೆ ಯಂತ್ರವೇ ಬಹುಪಾಲು ಎಚ್ಚರಿಸುತ್ತದೆ. ನಿಜವಾದ ಅಪಾಯವಿರುವುದು ಯಂತ್ರ ದೂರು ಹೇಳದ ಕಡೆ. ‘ರಾಮ ಅಥವಾ ರಾಮಾಯಣ’ ಎಂಬ ಸೂತ್ರವನ್ನು ‘ರಾಮಾಯಣ’ ಎಂಬ ಪದದ ಮೇಲೆ ಹರಿಸಿದರೆ, ಅತಿ ಉದ್ದದ ಹೊಂದಿಕೆಯನ್ನು ಆರಿಸುವ ಪೋಸಿಕ್ಸ್ ಇಡೀ ಪದವನ್ನು ಹಿಡಿಯುತ್ತದೆ. ಬರೆದ ಕ್ರಮದಲ್ಲಿ ಮೊದಲು ಹೊಂದಿದ್ದಕ್ಕೆ ತೃಪ್ತಿಪಡುವ ಪ್ರೆಗ್ ‘ರಾಮ’ದಲ್ಲಿಯೇ ನಿಲ್ಲುತ್ತದೆ. ಚೌಕಾಕಾರದ ಆವರಣದೊಳಗಿನ ಹಿಂದೋರೆಗೆರೆಯೂ ಹಾಗೆಯೇ: ಪೋಸಿಕ್ಸ್‌ನಲ್ಲಿ ಅದು ಬರಿಯ ಚಿಹ್ನೆ, ಪ್ರೆಗ್‌ನಲ್ಲಿ ಮುಂದಿನ ಅಕ್ಷರದ ಅರ್ಥವನ್ನೇ ಬದಲಿಸುವ ಸಂಜ್ಞೆ.

ಕನ್ನಡ ಪಠ್ಯವಿರುವಲ್ಲಿ ಇನ್ನೊಂದು ಎಚ್ಚರ ಬೇಕು. ಯುಟಿಎಫ್-8ರಲ್ಲಿ ‘ಕನ್ನಡ’ ಎಂಬುದು, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆಯೂ ಸೇರಿ, 5 ಯುನಿಕೋಡ್ ಸಂಕೇತಗಳ, ಒಟ್ಟು 15 ಬೈಟ್‌ಗಳ ಪದ. ಸೂತ್ರದ ಕೊನೆಗೆ ‘ಯು’ ಅಕ್ಷರ ಸೇರಿಸದಿದ್ದರೆ ಪ್ರೆಗ್ ಸಂಕೇತಗಳನ್ನಲ್ಲ, ಬೈಟ್‌ಗಳನ್ನು ಎಣಿಸುತ್ತದೆ. ಸೇರಿಸಿದ ಮೇಲೆ ಯುಟಿಎಫ್-8 ಅಲ್ಲದ ಬೈಟ್‌ಗಳು ಎದುರಾದರೆ ‘ಸಿಗಲಿಲ್ಲ’ ಎಂಬ ಸೊನ್ನೆಯ ಬದಲು ‘ದೋಷ’ ಎಂಬ ಬೇರೆಯೇ ಉತ್ತರ ಕೊಡುತ್ತದೆ. ಇವೆರಡನ್ನೂ ಒಂದೇ ಎಂದು ಎಣಿಸುವ ಕೋಡ್ ದೋಷವನ್ನು ಮುಚ್ಚಿಹಾಕುತ್ತದೆ.

ಆದ್ದರಿಂದ ಹಳೆಯ ಫಂಕ್ಷನ್ನನ್ನೂ ಹೊಸದನ್ನೂ ಒಂದೇ ಪಠ್ಯದ ಮೇಲೆ ಓಡಿಸಿ ಫಲಿತಾಂಶಗಳನ್ನು ಹೋಲಿಸುವುದು ಅಗತ್ಯ. ಎರಡೂ ಜೊತೆಗಿರುವ ಕೊನೆಯ ಆವೃತ್ತಿ 5.6 ಆಗಿರುವುದರಿಂದ, ಈ ಪರೀಕ್ಷೆಯನ್ನು ಮುಗಿಸಿಯೇ 7ಕ್ಕೆ ಹೋಗಬೇಕು.