ಎದೆನೋವು: ಗಡಿಯಾರ ನೋಡಿದವರ್‍ಯಾರು?

ನೀವು ಬೆಂಗಳೂರಲ್ಲಿ, ಅಪ್ಪ ಕುಷ್ಟಗಿಯಲ್ಲಿ. ರಾತ್ರಿ ‘ಎದಿ ಹಿಡದಂಗ ಆಗೈತಿ’ ಅಂತ ಫೋನ್ ಬಂದರೆ ‘ಆಸ್ಪತ್ರೆ ಮುಟ್ಟಿದ್ರಾ?’ ಅಂತಷ್ಟೇ ಕೇಳ್ತೀವಿ. ಮುಟ್ಟಿದ ಮೇಲೆ ಕಾದ ಹೊತ್ತಿನ ಲೆಕ್ಕ?

ಇಂಗ್ಲೆಂಡ್ ತುರ್ತು ವಿಭಾಗಗಳಿಗೆ 4 ಗಂಟೆಯ ಗಡುವು ಇಟ್ಟಿದೆ. ಎದೆನೋವಿಗೆ ಅದು ತೀರಾ ತಡ. ವೈದ್ಯರ ಅಳತೆ ಬೇರೆ: ಬಾಗಿಲು ದಾಟಿದ 10 ನಿಮಿಷದಲ್ಲಿ ಇಸಿಜಿ; ತೀವ್ರ ಹೃದಯಾಘಾತಕ್ಕೆ ಆಂಜಿಯೋಪ್ಲಾಸ್ಟಿ ಬೇಗ ಸಿಗದ ಕಡೆ, ಇಸಿಜಿಯಲ್ಲಿ ಖಚಿತವಾದ ಕೂಡಲೇ ಹೆಪ್ಪು ಕರಗಿಸುವ ಇಂಜೆಕ್ಷನ್. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತವಾಗಿ ತಂದಿದೆ.

ಇಸಿಜಿ ಕಾಗದದ ಮೇಲೆ ಸಾಮಾನ್ಯವಾಗಿ ಸಮಯ ಅಚ್ಚಾಗಿರುತ್ತೆ. ಒಳಹೊಕ್ಕ ಸಮಯವನ್ನು ಜೊತೆಗಿದ್ದವರು ಬರೆದಿಡಲಿ. ‘ಕೊಪ್ಪಳಕ್ಕ ಒಯ್ರಿ’ ಅಂದರೆ, ಗಾಡಿ ಹತ್ತೋ ಮುಂಚೆ ಕೇಳಿ: ಇಸಿಜಿ ಆಯ್ತಾ? ಇಂಜೆಕ್ಷನ್ ಇಲ್ಲೇ ಕೊಡ್ತೀರಾ, ಇಲ್ಲಾಂದ್ರೆ ಯಾಕೆ?