ಕಂಪ್ಯೂಟರಿನ ಲೋಡ್ ಅಳೆಯುವುದು ಹೇಗೆ?



ರಾಗಿ ಮಿಷನ್ನಿಗೆ ಹೋಗಿದ್ದೀರಲ್ಲವೇ? ಒಂದು ಚೀಲ ಬೀಸುತ್ತಿದ್ದು ಮೂರು ಚೀಲ ಕಾಯುತ್ತಿದ್ದರೆ ಲೋಡ್ 4. ಕಂಪ್ಯೂಟರಿನಲ್ಲೂ ಹೀಗೇ. ನಡೆಯುತ್ತಿರುವ ಮತ್ತು ಕಾಯುತ್ತಿರುವ ಕೆಲಸಗಳ ಸರಾಸರಿಗೆ ‘ಲೋಡ್ ಆವರೇಜ್’ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಡಿಸ್ಕಿಗಾಗಿ ಕಾಯುವ ಕೆಲಸಗಳೂ ಇದರಲ್ಲಿ ಸೇರುತ್ತವೆ.

‘ಅಪ್‌ಟೈಮ್’ ಎಂಬ ಆಜ್ಞೆ ಕೊಟ್ಟರೆ ಮೂರು ಅಂಕಿ ಬರುತ್ತವೆ. ಅವು ಕಳೆದ 1, 5 ಮತ್ತು 15 ನಿಮಿಷದ ಸರಾಸರಿ. ಮೊದಲನೆಯದು ದೊಡ್ಡದಿದ್ದರೆ ಲೋಡ್ ಏರುತ್ತಿದೆ, ಚಿಕ್ಕದಿದ್ದರೆ ಇಳಿಯುತ್ತಿದೆ ಎಂದರ್ಥ. 2 ಕೋರ್ ಇದ್ದರೆ ಮಿಷನ್ ಎರಡಿದ್ದಂತೆ. ಲೋಡ್ 2ರವರೆಗೆ ಚಿಂತೆಯಿಲ್ಲ.

ಆದರೆ ಒಂದು ಸಲ ನೋಡಿದರೆ ಸಾಲದು. ಸಂತೆ ದಿನ ಪಾವಗಡದ ಬಸ್ಸು ತುಂಬಿತೆಂದು ದಿನಾ ತುಂಬುತ್ತೆ ಅನ್ನೋಕಾಗುತ್ತಾ?

ನಮ್ಮ ಶಾಲೆಯ ಕಂಪ್ಯೂಟರ್ ನಿಂತು ನಿಂತು ನಡೆಯುತ್ತಿತ್ತು. “ಕೆಟ್ಟೋಯ್ತು, ಮಧುಗಿರಿಗೆ ರಿಪೇರಿಗೆ ಕಳಿಸಿ” ಎಂದರು ಎಲ್ಲರೂ. ಕಳಿಸಿದರೆ ನಮ್ಮ ಕ್ಲಾಸೇ ಇಲ್ಲ! ಮೇಷ್ಟ್ರ ಜೊತೆ ಕೂತು ಒಂದು ಸ್ಕ್ರಿಪ್ಟ್ ಬರೆದೆವು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಡುವ ಕೆಲಸದ ಪಟ್ಟಿ. ಅದು ನಿಮಿಷಕ್ಕೊಮ್ಮೆ ಗಂಟೆಯನ್ನೂ ಲೋಡನ್ನೂ ಫೈಲಿನಲ್ಲಿ ಬರೆದಿಡುತ್ತಿತ್ತು.

ಮೂರು ದಿನವೂ 11 ಗಂಟೆಗೇ ಲೋಡ್ 6 ದಾಟಿತ್ತು. ನೋಡಿದರೆ, ಫೈಲುಗಳ ನಕಲು ತೆಗೆಯುವ ಕೆಲಸ ಆಗಲೇ ಶುರುವಾಗುತ್ತಿತ್ತು. ಅದನ್ನು ಊಟದ ಹೊತ್ತಿಗೆ ಬದಲಿಸಿದೆವು. ಈಗ ಸರಿಯಾಗಿದೆ.

ಅಳೆದು ನೋಡಿ, ಆಮೇಲೆ ಕೆಟ್ಟಿದೆ ಅನ್ನಿ!

— 7ನೇ ತರಗತಿ ವಿದ್ಯಾರ್ಥಿನಿ