ದೇಶಭಕ್ತರೋ, ದೊಂಬಿಕೋರರೋ?

ಬೀದಿಯಲ್ಲಿ ಬಸ್ಸಿಗೆ ಕಲ್ಲೆಸೆದರೆ ನಾವು ಅದನ್ನು ದೊಂಬಿ ಎನ್ನುತ್ತೇವೆ. ಆದರೆ 1773ರ ಡಿಸೆಂಬರ್ 16ರ ರಾತ್ರಿ ಅಮೇರಿಕದ ಬೋಸ್ಟನ್ ಬಂದರಿನಲ್ಲಿ ಹಡಗುಗಳನ್ನೇರಿ, ಈಸ್ಟ್ ಇಂಡಿಯಾ ಕಂಪೆನಿಯ (ನಮ್ಮ ದೇಶವನ್ನಾಳಿದ ಕಂಪೆನಿಯೇ ಅದು!) 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದವರನ್ನು ದೇಶಭಕ್ತರೆಂದು ಓದುತ್ತೇವೆ. ತಮ್ಮ ಪ್ರತಿನಿಧಿಗಳಿಲ್ಲದ ಬ್ರಿಟಿಷ್ ಪಾರ್ಲಿಮೆಂಟು ತಮಗೆ ತೆರಿಗೆ ಹಾಕಕೂಡದೆಂಬುದು ಅವರ ವಾದ. ನ್ಯಾಯವಾದ ಮಾತೇ.

ಆದರೆ ಅದೇ ಊರಿನಲ್ಲಿ, 1765ರ ಆಗಸ್ಟಿನಲ್ಲಿ, ಸ್ಟಾಂಪ್ ಕಾಯಿದೆಯ ಮೇಲಿನ ಸಿಟ್ಟಿನಿಂದ ಗುಂಪೊಂದು ಥಾಮಸ್ ಹಚಿನ್ಸನ್ ಎಂಬ ಅಧಿಕಾರಿಯ ಮನೆಗೆ ನುಗ್ಗಿ, ಹಣ ದೋಚಿ, ಅವನು ಇತಿಹಾಸ ಬರೆಯಲು ಕೂಡಿಸಿದ್ದ ಹಸ್ತಪ್ರತಿಗಳನ್ನು ಬೀದಿಪಾಲು ಮಾಡಿತು. ವಿಚಿತ್ರವೆಂದರೆ, ಆ ಕಾಯಿದೆ ಹಚಿನ್ಸನ್ನನಿಗೂ ಒಪ್ಪಿಗೆಯಾಗಿರಲಿಲ್ಲ! ಇದನ್ನು ದೇಶಭಕ್ತಿಯೆನ್ನಲು ನಮ್ಮ ಮನಸ್ಸು ಒಪ್ಪದು.

ಈ ಗೊಂದಲ ಅವರನ್ನೂ ಕಾಡಿತ್ತು. 1770ರ ಮಾರ್ಚ್ 5ರಂದು ಹಿಮದುಂಡೆ, ದೊಣ್ಣೆಗಳೊಡನೆ ಮೇಲೆಬಿದ್ದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಐದು ಮಂದಿ ಸತ್ತರು. ಊರೇ ಕೆರಳಿದ್ದಾಗ ಆ ಸೈನಿಕರ ಪರವಾಗಿ ನ್ಯಾಯಾಲಯದಲ್ಲಿ ನಿಂತವನು ಜಾನ್ ಆಡಮ್ಸ್, ಮುಂದೆ 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ಅಂದಿನದು ದೊಂಬಿಯೇ ಎಂದು ಅವನು ಮುಚ್ಚುಮರೆಯಿಲ್ಲದೆ ವಾದಿಸಿದನು. ಎಂಟು ಸೈನಿಕರಲ್ಲಿ ಆರು ಮಂದಿ ಬಿಡುಗಡೆ ಹೊಂದಿದರು. ಇಬ್ಬರಿಗೆ ಕೊಲೆಗಿಂತ ಕಡಿಮೆಯ ಅಪರಾಧಕ್ಕಾಗಿ ಶಿಕ್ಷೆಯಾಯಿತು.

ತಾನು ದೇಶಕ್ಕೆ ಸಲ್ಲಿಸಿದ ಅತ್ಯುತ್ತಮ ಸೇವೆಗಳಲ್ಲಿ ಇದೂ ಒಂದೆಂದು ಆಡಮ್ಸ್ 1773ರ ಮಾರ್ಚಿಯಲ್ಲಿ ದಿನಚರಿಯಲ್ಲಿ ಬರೆದುಕೊಂಡನು. ಅದೇ ವರ್ಷದ ಡಿಸೆಂಬರಿನಲ್ಲಿ, ಚಹಾ ಸುರಿದವರನ್ನು ಮೆಚ್ಚಿ ಬರೆದದ್ದೂ ಅದೇ ದಿನಚರಿಯಲ್ಲಿ.